ನಡುಗುವ ದನಿಗಳನ್ನು ತೂಕಕ್ಕೆ ಕೊಟ್ಟವರಿಗೆ

ಗದಗ-ಬೆಟಗೇರಿ
ಫೆಬ್ರವರಿ 30, 2168

ನಿಮ್ಮ ಲೆಕ್ಕದ 2031ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಒಂದು ಅನ್ಯಾಯ ನಡೆಯಿತು. ಕುಡಿತವನ್ನೋ ಗುಳಿಗೆಯನ್ನೋ ಸೂಜಿಯನ್ನೋ ಬಿಟ್ಟು ಬದುಕಲು ಹೆಣಗುತ್ತಿದ್ದ ಸಾವಿರಾರು ಜನ ಅಂತರ್ಜಾಲದಲ್ಲಿ ಒಬ್ಬರನ್ನೊಬ್ಬರು ನಂಬಿ ಆಡಿದ ಮಾತುಗಳನ್ನು, ಅವರ ಅಳು ನಗು ಉಸಿರುಗಳ ಸಮೇತ, ಸಾಂತ್ವನ ಜಾಲ ಮಂಡಳಿ ಎಂಬ ಸಂಸ್ಥೆ ಮುನ್ನರಿವು ಪ್ರಾಧಿಕಾರ ಎಂಬ ಇನ್ನೊಂದು ಸಂಸ್ಥೆಗೆ ಒಪ್ಪಿಸಿತು. ಹೆಸರು ವಿಳಾಸ ಉಳ್ಳವರಾಗಿ, ಪತ್ರಿಕೆ ಓದುವವರಾಗಿ, ಮತ ಹಾಕುವವರಾಗಿ ಆಗ ಬದುಕಿದ್ದ ನೀವು ಸುಮ್ಮನಿದ್ದಿರಿ. ನಿಮ್ಮ ಆ ಮೌನದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಬರುವ ಅಮಾವಾಸ್ಯೆಯೊಳಗೆ ನನ್ನ ತಂಗಿಯ ಮಗಳು ಕೂಡ ಉಣ್ಣಬೇಕಾಗಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೇಲಿನ ದಿನಾಂಕವನ್ನು ಕಂಡು ನೀವು ಇದನ್ನು ಕುಚೇಷ್ಟೆ ಎಂದುಕೊಳ್ಳಬಹುದು. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ. ಸಮ ಮಾಡುವುದು ನಮ್ಮ ಕಾಲದ ದೊಡ್ಡ ಹುಚ್ಚು. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸುತ್ತವೆ, ಅದಕ್ಕೆ ಕ್ಷಮೆ ಇರಲಿ, ಬಂದಬಂದಲ್ಲಿ ವಿವರಿಸುತ್ತೇನೆ. ಈ ಪತ್ರ ಹಿಂಬಾಗಿಲ ಅಂಚೆಯಲ್ಲಿ ಬರುತ್ತಿದೆ. ಕಾಲದ ಹಿಂದಕ್ಕೆ ಕಾಗದ ಸಾಗಿಸುವ ಆ ಏರ್ಪಾಡು ಹೇಗೆ ನಡೆಯುತ್ತದೆಂಬುದು ನನಗೆ ಅರ್ಥವಾಗಿಲ್ಲ. ಮುಟ್ಟಿದ ಕಾಗದಕ್ಕೆ ಸಾಕ್ಷಿ ಇಲ್ಲ, ಮುಟ್ಟದ್ದಕ್ಕೂ ಇಲ್ಲ. ಆದರೂ ಕೈಯಲ್ಲೇ ಬರೆಯುತ್ತಿದ್ದೇನೆ. ಬರಹವೊಂದನ್ನು ಮಾತ್ರ ಪ್ರಾಧಿಕಾರದವರು ಇನ್ನೂ ತೂಗಲು ಕಲಿತಿಲ್ಲ.

ತೂಗುವುದೆಂದರೆ ಏನು ಎಂದು ಮೊದಲು ಹೇಳುತ್ತೇನೆ. ನಾವು ನಿಮ್ಮ ಹಾಗೆ ಫೋನು ಹಿಡಿದು ತಿರುಗುವುದಿಲ್ಲ. ಕಿವಿಯೊಳಗೆ ಕಡಲೆಕಾಳಿನಷ್ಟು ದೊಡ್ಡದೊಂದು ಮಣಿ ಇಟ್ಟುಕೊಳ್ಳುತ್ತೇವೆ, ಕಿವಿಮಣಿ ಎನ್ನುತ್ತೇವೆ. ಬಸ್ಸು ಹತ್ತಲು, ರೇಷನ್ ತರಲು, ಕೆಲಸಕ್ಕೆ ಹಾಜರಾಗಲು ಅದು ಬೇಕು. ಆ ಮಣಿ ನಾವು ಆಡುವ ಪ್ರತಿ ಮಾತನ್ನೂ ತೂಗುತ್ತದೆ. ಏನು ಹೇಳಿದೆವು ಎಂಬುದರ ಗೊಡವೆ ಅದಕ್ಕಿಲ್ಲ, ದನಿ ಎಷ್ಟು ನಡುಗಿತು ಎಂಬುದಷ್ಟೇ ಅದಕ್ಕೆ ಬೇಕು. ಇದಕ್ಕೆ ದನಿತೂಕ ಎಂದು ಹೆಸರು. ನಡುಕ ಒಂದು ಮಿತಿ ಮೀರಿದರೆ ಆ ಮನುಷ್ಯ ಚಟಕ್ಕೆ ಬಿದ್ದಿದ್ದಾನೆ, ಇಲ್ಲವೇ ಬೀಳಲಿದ್ದಾನೆ ಎಂದು ತೀರ್ಮಾನ. ಮೊದಲು ಕೆಲಸ ಹೋಗುತ್ತದೆ. ಆಮೇಲೆ ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಸಮಚಿತ್ತಾಲಯಕ್ಕೆ ಒಯ್ಯುತ್ತಾರೆ. ಅಲ್ಲಿಂದ ಮರಳಿದ ಮಕ್ಕಳನ್ನು ನಾನು ನೋಡಿದ್ದೇನೆ. ಚೆನ್ನಾಗಿ ಉಂಡಿರುತ್ತವೆ, ಎಣ್ಣೆ ಹಚ್ಚಿ ತಲೆ ಬಾಚಿರುತ್ತಾರೆ. ನಮ್ಮ ಓಣಿಯ ಒಂದು ಹುಡುಗಿ ಮರಳಿ ಬಂದವಳು ತನ್ನ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿ, "ನಿಮ್ಮ ಆರೋಗ್ಯ ಸರಿ ಇದೆಯೇ?" ಎಂದು ಕೇಳಿದಳು. ತಾಯಿ ಅಳಲಿಲ್ಲ. ಅಳುವುದು ಹೇಗೆ ಸಾಧ್ಯ, ಮಣಿ ಕಿವಿಯಲ್ಲಿತ್ತು.

ಆದ್ದರಿಂದ ನಾವೆಲ್ಲ ಸಪಾಟು ಮಾತು ಆಡುತ್ತೇವೆ. ಏರಿಳಿತವಿಲ್ಲದ, ಇಸ್ತ್ರಿ ಹಾಕಿದ ಬಟ್ಟೆಯಂಥ ಮಾತು. ಅದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಬಾಣಂತಿಯರಿಗೆ ಜೋಗುಳ ಹಾಡಬಾರದೆಂಬ ನಿಷೇಧವೇನೂ ಇಲ್ಲ, ಆದರೆ ಯಾರೂ ಹಾಡುವುದಿಲ್ಲ. ಸತ್ತವರ ಮನೆಗೆ ಹೋದವರು ಎದುರು ಕೂತು ಮೊಣಕಾಲು ತಟ್ಟಿ ಎದ್ದು ಬರುತ್ತಾರೆ. ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಹತ್ತಿರದವರೆಲ್ಲ ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಸರಿಯುತ್ತಾರೆ. ಸ್ನಾನದ ಹೊತ್ತಿನಲ್ಲಿ ಮಾತ್ರ ಮಣಿ ತೆಗೆದಿಡಲು ಅನುಮತಿ ಇದೆ. ಹೀಗಾಗಿ ನಮ್ಮಷ್ಟು ಸ್ನಾನ ಮಾಡುವ ಜನ ಚರಿತ್ರೆಯಲ್ಲೇ ಇರಲಿಕ್ಕಿಲ್ಲ. ತೆಗೆದ ಮಣಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂಳುತ್ತೇವೆ, ಅಲ್ಲಿ ಅದಕ್ಕೆ ಏನೂ ಕೇಳಿಸುವುದಿಲ್ಲ. ಬಾಗಿಲು ಬಡಿದ ನೆರೆಯವರು ಮೊದಲು ಕೇಳುವ ಮಾತು, "ನಿಮ್ಮ ಮಣಿ ರೊಟ್ಟಿ ತಿನ್ನಾಕತ್ತೈತೇನ್ರೀ?" ಎಂದು. ಹೌದೆಂದರೆ ಒಳಗೆ ಬಂದು ಮನುಷ್ಯರಂತೆ ಕೂತು ಮಾತಾಡುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಒಂದು ಬಕೆಟ್ ನೀರು ತಣ್ಣಗಾಗುವಷ್ಟು ಹೊತ್ತಿನ ಬದುಕು ಅದು.

ಇನ್ನು ಚಟದ ಮಾತು. ನಿಮ್ಮ ಕಾಲದ ಹೆಂಡ ಸಾರಾಯಿಗಳು ನಮ್ಮಲ್ಲಿ ಕಡಿಮೆ. ನಮ್ಮದು ಮಂಪರುಹನಿ. ಕಣ್ಣಿಗೆ ಹಾಕುವ ಔಷಧದಂಥ ಪುಟ್ಟ ಸೀಸೆ. ನಾಲಿಗೆಯ ಕೆಳಗೆ ಒಂದು ಹನಿ ಬಿಟ್ಟುಕೊಂಡರೆ ಎದೆ ಬಡಿತ ನಿಧಾನವಾಗುತ್ತದೆ, ಭಯ ದೂರ ಸರಿಯುತ್ತದೆ, ದನಿ ಸಪಾಟಾಗುತ್ತದೆ. ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಚಟಗಾರರನ್ನು ಹಿಡಿಯಲು ಇಟ್ಟ ತಕ್ಕಡಿಯಲ್ಲಿ ಪಾಸಾಗಲು ಅತ್ಯಂತ ಖಾತ್ರಿಯಾದ ಉಪಾಯವೆಂದರೆ ಚಟ. ಸಂದರ್ಶನಕ್ಕೆ ಹೋಗುವವರು ಹಾಕಿಕೊಳ್ಳುತ್ತಾರೆ. ಮೇಷ್ಟರು ಹಾಕಿಕೊಳ್ಳುತ್ತಾರೆ. ದನಿ ತೂಗಿ ತೀರ್ಪು ಕೊಡುವ ತೂಕದ ಸಭೆಯ ಅಧಿಕಾರಿಗಳ ಅಂಗಿಯ ಜೇಬುಗಳಲ್ಲೂ ಆ ಸೀಸೆ ಇರುತ್ತದೆಂದು ಎಲ್ಲರಿಗೂ ಗೊತ್ತು. ಹಾಕಿಕೊಳ್ಳುವವನ ದನಿ ಸ್ಥಿರವಾಗಿರುತ್ತದೆ, ಬಿಡಲು ಹೆಣಗುವವನ ದನಿ ನಡುಗುತ್ತದೆ. ನಮ್ಮ ತಕ್ಕಡಿ ಹಿಡಿಯುವುದು ಎರಡನೆಯವನನ್ನೇ.

ನನ್ನ ತಂಗಿ ಫಕೀರವ್ವ ಬಿಟ್ಟವಳು. ಹನಿ ತೊರೆದವರನ್ನು ನಾವು ಬಿಟ್ಟವರು ಎಂದೇ ಕರೆಯುತ್ತೇವೆ, ಅದು ನಮ್ಮಲ್ಲಿ ಗೌರವದ ಮಾತು. ಅವಳು ಕಪ್ಪತಗುಡ್ಡದ ಗಾಳಿಯಂತ್ರಗಳ ಕಂಬ ಹತ್ತಿ ರೆಕ್ಕೆ ತೊಳೆಯುವವಳು. ಅಷ್ಟೆತ್ತರದಲ್ಲಿ ಹೆದರದವಳು ನೆಲಕ್ಕಿಳಿದರೆ ಹೆದರುತ್ತಿದ್ದಳು, ಹನಿ ಶುರುವಾದದ್ದು ಹಾಗೆ. ಗಂಡ ಬಿಟ್ಟುಹೋದ. ಏಳು ವರ್ಷದ ಮಗಳಿದ್ದಾಳೆ. ಕೂತಲ್ಲಿ ಕೂರದೆ ಜಿಗಿಯುವುದರಿಂದ ಅವಳನ್ನು ಚಿಗರಿ ಎನ್ನುತ್ತೇವೆ. ಮಗಳಿಗಾಗಿ ಫಕೀರವ್ವ ಹನಿ ಬಿಟ್ಟಳು. ನಾನು ವಾಚನಾಲಯದಲ್ಲಿ ಹಳೆಯ ಪುಸ್ತಕಗಳ ನಡುವೆ ಆಯುಷ್ಯ ಕಳೆದವಳು. ಚಟದ ಬಗ್ಗೆ ಸಿಕ್ಕಿದ್ದೆಲ್ಲ ಓದಿ ಅವಳಿಗೆ ಸಹಾಯ ಮಾಡಹೊರಟೆ. ಒಂದು ದಿನ ಮಣಿಗಳನ್ನು ಹಿಟ್ಟಿಗೆ ಹಾಕಿ ಕೂತಾಗ ಅವಳು ಹೇಳಿದಳು:

"ಅಕ್ಕಾ, ನೀ ಬಾಳ ಓದಿದಾಕಿ, ಖರೆ. ಆದ್ರ ನೀ ಎಂದೂ ಹನಿ ತಗೊಂಡಾಕಿ ಅಲ್ಲ. ನಿನ್ನ ಮಾತು ಮ್ಯಾಲಿಂದ ಬರ್ತೈತಿ. ಅವರದು ಬಾಜೂಕಿಂದ ಬರ್ತೈತಿ."

ಅವರು ಎಂದರೆ ಮೂಕಕಟ್ಟೆಯವರು. ನಿಮ್ಮ ಕಾಲದಲ್ಲಿ, ಸಾಂತ್ವನ ಜಾಲ ಮಂಡಳಿ ನಡೆಸುತ್ತಿದ್ದ, ಇದರ ಹಿರಿಯಜ್ಜಿಯಂಥ ದನಿಕಟ್ಟೆ ಇತ್ತು. ಊರ ಮರದ ಕೆಳಗಿನ ಕಟ್ಟೆಯ ಮೇಲೆ ಬಂದವರು ಬಂದಂತೆ ಕೂರುವ ಹಾಗೆ, ಬಿಟ್ಟವರು ಸಂಜೆಯಾದರೆ ಫೋನಿನಲ್ಲಿ ಅಲ್ಲಿ ಕೂಡುತ್ತಿದ್ದರು. ಮುಖ ಇಲ್ಲ, ಹೆಸರು ಇಲ್ಲ, ದನಿ ಮಾತ್ರ. ಅಲ್ಲಿ ಎರಡು ಕಟ್ಟಳೆಗಳು. ಯಾರೂ ಯಾರ ಹೆಸರನ್ನೂ ಕೇಳಕೂಡದು. ಬಿದ್ದವನು ಬಿದ್ದೆನೆಂದು ಮುಚ್ಚಿಡದೆ ಹೇಳಬೇಕು. ಎಲ್ಲಿ, ಯಾಕೆ, ಮನೆಯಲ್ಲಿ ಏನು ಸುಳ್ಳು ಹೇಳಿ ಹೋದೆ, ಎಲ್ಲವನ್ನೂ. ಇವೆರಡರ ಜೊತೆ ಒಂದು ರೂಢಿಯಿತ್ತು. ಮನಸ್ಸು ಜಾರುತ್ತಿದೆ ಎನಿಸಿದವರು "ಒಲಿ ಹಚ್ಚ್ರಿ" ಎನ್ನುತ್ತಿದ್ದರು. ಕೇಳಿಸಿಕೊಂಡವರು ಯಾವ ಊರಲ್ಲಿದ್ದರೂ ಒಲೆ ಹಚ್ಚಿ ಚಹಾಕ್ಕೆ ಇಡುತ್ತಿದ್ದರು. ಚಹಾ ಕುದಿದು ಲೋಟಕ್ಕೆ ಬೀಳುವವರೆಗೆ ಯಾರೂ ಬುದ್ಧಿಮಾತು ಹೇಳುವಂತಿಲ್ಲ. ಬಿಸಿ ಲೋಟ ಹಿಡಿದ ಕೈ ಬೇರೇನನ್ನೂ ಹಿಡಿಯಲಾರದು ಎಂಬುದು ಅವರ ಲೆಕ್ಕಾಚಾರ.

ದನಿತೂಕ ಬಂದ ಮೇಲೆ ಕಟ್ಟೆಯಲ್ಲಿ ಮಾತಾಡುವುದು ತಾನಾಗಿ ಕೈಕೋಳಕ್ಕೆ ಕೈ ಒಡ್ಡಿದಂತಾಯಿತು. ಆಗ ಬಿಟ್ಟವರು ಮಾತನ್ನೇ ತೆಗೆದುಬಿಟ್ಟರು. ಕಿವಿಮಣಿಗಳ ಮೂಲಕ ಕೂಡುವ ಮೂಕಕಟ್ಟೆಯಲ್ಲಿ ಈಗ ಕೇಳುವುದು ಒಲೆಯ ಸದ್ದು, ನೀರು ಮರಳುವ ಸದ್ದು, ಸೌಟು ಪಾತ್ರೆಗೆ ತಾಗುವ ಸದ್ದು. ಯಾರಿಗಾದರೂ ಕಷ್ಟವಾದರೆ ಖಾಲಿ ಪಾತ್ರೆಯನ್ನು ಸೌಟಿನಿಂದ ಮೂರು ಸಲ ಬಡಿಯುತ್ತಾರೆ. ಆಗ ಒಂದೊಂದೇ ಒಲೆ ಹತ್ತುತ್ತದೆ. ನನ್ನ ತಂಗಿ ಕಿವಿಮಣಿಯನ್ನು ತಂಬಿಗೆಯೊಳಗೆ ಬಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದಳು, ನೀವು ಹಾಡು ಜೋರಾಗಿ ಕೇಳಲೆಂದು ಫೋನನ್ನು ಸ್ಟೀಲ್ ಲೋಟದಲ್ಲಿ ಇಡುತ್ತಿದ್ದಿರಲ್ಲ, ಹಾಗೆ. ಇಡೀ ಕೋಣೆ ಎಲ್ಲೆಲ್ಲಿಯದೋ ಚಹಾದ ಸದ್ದಿನಿಂದ ತುಂಬುತ್ತಿತ್ತು. ಅವಳು ಕಣ್ಣುಮುಚ್ಚಿ ಕೇಳುತ್ತಿದ್ದಳು. ಆ ಮನುಷ್ಯರು ಗಂಡಸರೋ ಹೆಂಗಸರೋ, ಬೀದರದವರೋ ಕೊಡಗಿನವರೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಒಬ್ಬರು ಸಕ್ಕರೆ ಹಾಕಿ ಬಹಳ ಹೊತ್ತು ಕಲಕುತ್ತಾರೆಂದೂ, ಇನ್ನೊಬ್ಬರ ಮನೆಯಲ್ಲಿ ಗಿಳಿಯಿದೆಯೆಂದೂ ಗೊತ್ತಿತ್ತು. ಕಲಕುವ ಸದ್ದು ಒಂದು ವಾರ ಕೇಳದಿದ್ದಾಗ ಅವಳು ಊಟ ಬಿಟ್ಟಿದ್ದಳು. ಇಷ್ಟರ ಮೇಲೆಯೇ ಅವಳು ವರ್ಷಗಟ್ಟಲೆ ಹನಿ ಮುಟ್ಟದೆ ನಿಂತಿದ್ದಳು.

ಕಳೆದ ತಿಂಗಳು ಚಿಗರಿ ಶಾಲೆಯಲ್ಲಿ ಅತ್ತಳು. ಓಣಿಯ ನಾಯಿ ಗಾಡಿಗೆ ಸಿಕ್ಕಿ ಸತ್ತಿತ್ತು, ಅದಕ್ಕೆ. ಸಪಾಟು ಮಾತಿನ ಟೀಚರು ಅವಳನ್ನು ಮನೆಗೆ ಕರೆತಂದರು. ಒಳ್ಳೆಯ ಹೆಣ್ಣುಮಗಳು, ಮುಖ ಬಿಳಿಚಿಕೊಂಡಿತ್ತು. ಬಾಗಿಲಲ್ಲಿ ನಿಂತು, ಒಂದೇ ಎಳೆಯಲ್ಲಿ, ಮಗು ಇನ್ನೊಮ್ಮೆ ಹೀಗೆ ಮಾಡಿದರೆ ತಾಯಿಯ ದನಿಯನ್ನು ತೂಕಕ್ಕೆ ಕರೆಸುತ್ತಾರೆ ಎಂದು ಹೇಳಿದರು. ಆಮೇಲೆ ನನ್ನ ಕೈಯನ್ನು ಒಮ್ಮೆ ಒತ್ತಿ ಹಿಡಿದು ಹೊರಟುಹೋದರು. ಫಕೀರವ್ವ ಮಣಿಗಳನ್ನು ಹಿಟ್ಟಿನ ಡಬ್ಬಿಗೆ ಹಾಕಿದಳು. ಮಗಳ ಮುಖ ತೊಳೆಸಿದಳು. ರೊಟ್ಟಿ ಬೆಣ್ಣೆ ಕೊಟ್ಟಳು. ಆಮೇಲೆ, "ಬಾಯಿ ಮುಚ್ಚಿ ಅಳೋದು ಕಲೀಬೇಕವ್ವಾ ಚಿಗರಿ. ಮೂಗಿನಾಗ ಅಳಬೇಕು, ನೋಡಿಲ್ಲಿ," ಎಂದು ತೋರಿಸಿಕೊಟ್ಟಳು. ಮಗು ತಾಯಿಯ ಮೂಗನ್ನು ಹಿಡಿದು ನೋಡಿ, "ಇದು ಅಳೂದಲ್ಲ, ಇದು ನೆಗಡಿ," ಎಂದಿತು. ನಾವು ಮೂವರೂ ನಕ್ಕೆವು. ಆ ನಗುವಿನ ನಡುವೆಯೇ ನನ್ನ ತಂಗಿಯ ಕೈ ಸೆರಗಿನ ಗಂಟಿನತ್ತ ಹೋದದ್ದನ್ನು ನಾನು ಕಂಡೆ. ಗಂಟಿನಲ್ಲಿ ಒಂದು ಸೀಸೆ ಇತ್ತು. ಕೊಂಡು ತಂದು ಎಷ್ಟು ದಿನವಾಗಿತ್ತೋ. ತೂಕಕ್ಕೆ ಕರೆಸಿದರೆ ಸಪಾಟಾಗಿ ಮಾತಾಡಲು ಬೇಕಾದೀತೆಂದು ಇಟ್ಟುಕೊಂಡಿದ್ದಳು.

ಅವಳು ಒಲೆ ಹಚ್ಚಿದಳು. ಹಿಟ್ಟಿನಿಂದ ತನ್ನ ಮಣಿ ತೆಗೆದು ತಂಬಿಗೆಯಲ್ಲಿ ಬಿಟ್ಟಳು. ಪಾತ್ರೆ ಬಡಿದಳು. ಒಲೆಗಳು ಹತ್ತಿದವು, ನೀರು ಸದ್ದು ಮಾಡತೊಡಗಿತು, ಗಿಳಿ ಒಮ್ಮೆ ಕೂಗಿತು. ಹಿಂದೆಲ್ಲ ಅಷ್ಟು ಸಾಕಾಗುತ್ತಿತ್ತು. ಆ ದಿನ ಸಾಕಾಗಲಿಲ್ಲ. ಅವಳ ಹಣೆಯಲ್ಲಿ ಬೆವರು ಮೂಡುತ್ತಿತ್ತು, ಸೀಸೆಯ ಮುಚ್ಚಳ ತೆಗೆದಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. ಕಂಬ ಹತ್ತುವವಳ ಕೈ ಅದು, ಕೊಡವಿದಳು. ಆಮೇಲೆ ತಂಬಿಗೆಯ ಮೇಲೆ ಬಾಗಿ, ಮಾತಾಡಬಾರದ ಕಟ್ಟೆಯಲ್ಲಿ ಮಾತಾಡಿದಳು.

"ಸೀಸೆ ಕೈಯಾಗೈತಿ. ನಾ ತಗೋತೀನಿ ಅನ್ನಸಾಕತ್ತೈತಿ. ಯಾರರ ಒಬ್ಬರು ಒಂದು ಮಾತಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ದನಿ ಎಷ್ಟು ನಡುಗಿತೆಂದರೆ ನನಗೆ ನಮ್ಮ ಅವ್ವನ ಕೊನೆಯ ದಿನ ನೆನಪಾಯಿತು. ಯಾರಾದರೂ ಮಾತಾಡಿದರೆ ಉಳಿದವರೆಲ್ಲ ಕೂಡಲೇ ಎದ್ದುಹೋಗಬೇಕು ಎಂಬುದು ಮೂಕಕಟ್ಟೆಯ ನಿಯಮ, ಏಕೆಂದರೆ ಒಂದು ದನಿಯ ಜಾಡು ಹಿಡಿದು ಉಳಿದ ಮಣಿಗಳನ್ನೂ ಪತ್ತೆಹಚ್ಚಬಹುದು. ಒಂದು ಒಲೆ ಆರಿದ ಸದ್ದು ಕೇಳಿತು. ಇನ್ನೊಂದೂ ಆರಿತು. ಅಷ್ಟರಲ್ಲಿ ಮುದುಕನೊಬ್ಬನ ದನಿ ಬಂತು, ಕಲಬುರಗಿ ಕಡೆಯದು, ಒಡೆದ ಮಡಕೆಯಂಥದು:

"ತಂಗೀ, ಚಾದಾಗ ಹಾಲ್ ಹಾಕೀದೇನ್?"

ಫಕೀರವ್ವ ತಬ್ಬಿಬ್ಬಾಗಿ, "ಹಾಕೀನ್ರಿ ಅಣ್ಣಾರ," ಎಂದಳು.

"ಮತ್ತ ಉಕ್ಕಿ ಹೋಗ್ತದಲಾ! ಅದರ ಕಡಿ ನೋಡ್, ಸೀಸೆ ಕಡಿ ಏನ್ ನೋಡ್ಲತ್ತಿ?"

"ಅಯ್ಯೋ, ಹಾಲ್ ಮೊದ್ಲೇ ಹಾಕ್ಬುಟ್ರೆ ಅದು ಚಾ ಆಯ್ತದಾ? ಗಂಜಿ ಆಯ್ತದೆ ಕಣವ್ವ." ಇದು ಮಂಡ್ಯದ ಕಡೆಯ ಹೆಂಗಸು. ಅವಳ ದನಿಯೂ ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿತ್ತು.

"ಹಾಲು ಯಾಕೆ ಮಾರಾಯ್ರೆ, ಕರಿ ಚಾ ಕುಡಿಯಿರಿ, ಬೆಲ್ಲ ಹಾಕಿ," ಎಂದು ಕರಾವಳಿಯ ಗಂಡಸೊಬ್ಬ ಸೇರಿಕೊಂಡ. ಅವನ ಹಿಂದೆ ಗಿಳಿ ಕೂಗಿತು.

"ನಿನ್ ಗಿಳಿಗ್ ಕುಡಸಪ್ಪ ಕರಿ ಚಾ," ಎಂದ ಮುದುಕ. "ಇಷ್ಟ್ ವರ್ಷ ಆಯ್ತು, ಅದರ ಒದರಾಟ ಕೇಳಿ ಕೇಳಿ ನನ್ ಕಿವಿ ತೂತ್ ಬಿದ್ದಾವ."

"ಮತ್ತೆ ಸಕ್ಕರೆ ಕಲಕುವುದು ನೀವಾ? ನಮ್ಮ ಗಿಳಿ ಅದನ್ನೇ ಕಲಿತಿದೆ ಅಲ್ವಾ, ದಿನಾ ಟಣಟಣ ಅಂತದೆ!"

ಅವರು ಜಗಳವಾಡಿದರು. ಒಬ್ಬರನ್ನೊಬ್ಬರು ಎಂದೂ ಕಾಣದ, ಮೊತ್ತಮೊದಲು ದನಿ ಕೇಳಿಸಿಕೊಳ್ಳುತ್ತಿದ್ದ ಮನುಷ್ಯರು ಹಾಲು, ಬೆಲ್ಲ, ಶುಂಠಿಗಳ ಬಗ್ಗೆ ಒಡಹುಟ್ಟಿದವರ ಹಾಗೆ ಕಚ್ಚಾಡಿದರು. ಪ್ರತಿಯೊಬ್ಬರ ದನಿಯೂ ನಡುಗುತ್ತಿತ್ತು, ಪ್ರತಿ ಮಾತೂ ಎಲ್ಲಿಯೋ ತೂಕವಾಗುತ್ತಿತ್ತು, ಅದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಚಹಾ ಲೋಟಕ್ಕೆ ಬಿದ್ದ ಮೇಲೆ ಮುದುಕ, "ಈಗ ಹೇಳ್ ತಂಗಿ, ಏನಾಗ್ಯಾದ?" ಎಂದ. ಅವಳು ನಾಯಿ, ಟೀಚರು, ಮಗಳು, ಎಲ್ಲವನ್ನೂ ಹೇಳಿದಳು. ಹೇಳುತ್ತಲೇ ಸೀಸೆಯನ್ನು ಮೋರಿಗೆ ಸುರಿದಳು. ಮಂಡ್ಯದ ಹೆಂಗಸು ಅಳುತ್ತ, "ಸುರಿದ್ಯಾ? ಸಬುದ ಕೇಳುಸ್ತು. ಜಾಣೆ ಕಣೆ ನೀನು," ಎಂದಳು.

ಮರುದಿನದಿಂದ ಆ ಮೂವರ ಒಲೆಗಳೂ ಕಟ್ಟೆಯಲ್ಲಿ ಕೇಳಿಲ್ಲ. ಅವರ ದನಿ ಮುಚ್ಚಿದ್ದಾರೆ, ಎಂದರೆ ಮಣಿ ಕಸಿದುಕೊಂಡಿದ್ದಾರೆ. ಆಮೇಲೆ ಅವರಿಗೆ ಬಸ್ಸಿಲ್ಲ, ರೇಷನ್ ಇಲ್ಲ. ಅವರ ಹೆಸರು ಗೊತ್ತಿಲ್ಲದ್ದರಿಂದ ಹುಡುಕಲೂ ನನ್ನಿಂದ ಆಗುತ್ತಿಲ್ಲ. ನನ್ನ ತಂಗಿಗೆ ತೂಕದ ಸಭೆಯ ಕರೆ ಬಂತು. ನಾನೂ ಜೊತೆಗೆ ಹೋದೆ. ಅವಳು ಹನಿ ತೆಗೆದುಕೊಂಡಿಲ್ಲ, ಸೀಸೆಯನ್ನು ಸುರಿದದ್ದಕ್ಕೆ ನಾನು ಸಾಕ್ಷಿ, ರಕ್ತ ಪರೀಕ್ಷಿಸಿ ಎಂದೆ. ಅಧಿಕಾರಿ ಸಭ್ಯ ಮನುಷ್ಯ. ನನಗೆ ಕುರ್ಚಿ ಕೊಡಿಸಿದ. "ರಕ್ತದ್ದು ನಮಗ ಸಂಬಂಧ ಇಲ್ರೀ ಅವ್ವಾರ," ಎಂದ. "ಇವರ ದನಿ ಮೂಲದನಿಗೆ ತಾಳೆ ಆಗೈತಿ. ನಾವೇನು ಮಾಡೂಣು, ತಕ್ಕಡಿ ಹೇಳೂದು ಹೇಳತೈತಿ. ಬರೂ ಅಮಾಸಿ ಒಳಗ ಕೂಸನ್ನ ಸಮಚಿತ್ತಾಲಯಕ್ಕ ಒಯ್ತೀವ್ರಿ."

ಮೂಲದನಿ ಎಂದರೆ ತೂಕದ ಕಲ್ಲು. ಯಾವ ನಡುಕ ಬೀಳುವವರ ನಡುಕ ಎಂದು ಮುನ್ನರಿವು ಪ್ರಾಧಿಕಾರದ ಯಂತ್ರಕ್ಕೆ ಕಲಿಸಿಕೊಟ್ಟ ಮೊದಲ ದನಿಗಳು ಅವು. ನಿಮ್ಮ ದನಿಕಟ್ಟೆಯ ದನಿಗಳು. ನನ್ನ ತಂಗಿಯ ನಡುಕಕ್ಕೆ ತಾಳೆಯಾದ ಮೂಲದನಿಯನ್ನು ಕೇಳುವ ಹಕ್ಕು ನಮಗಿತ್ತು, ಕೇಳಿಸಿದರು. ದಾವಣಗೆರೆಯ ಕಡೆಯ ಯುವಕನೊಬ್ಬ ತನ್ನ ತಂಗಿಯ ಮದುವೆಯಲ್ಲಿ ಕುಡಿದು ಬಿದ್ದುದನ್ನು ಹೇಳುತ್ತಿದ್ದ. "ತಾಳಿ ಕಟ್ಟೋ ಹೊತ್ತಿಗೆ ಅಣ್ಣ ಎಲ್ಲಿ ಅಂತ ಹುಡುಕಿದ್ರಂತೆ, ನಾನು ಜನರೇಟರ್ ಹಿಂದೆ ಬಿದ್ದಿದ್ದೆ," ಎಂದು ಬಿಕ್ಕಿದ. ಯಾರೋ, "ಜನರೇಟರ್ ಆದ್ರೂ ಓಡ್ತಿತ್ತಾ ಗುರುವೇ?" ಎಂದು ಕೇಳಿದರು. ಅವನು ಅಳುತ್ತಲೇ ನಕ್ಕ. ನಾಳೆ ಬೆಳಿಗ್ಗೆ ತಂಗಿಗೆ ಫೋನು ಮಾಡಿ ತಪ್ಪಾಯಿತೆನ್ನುತ್ತೇನೆ, ಮತ್ತೆ ಮುಟ್ಟುವುದಿಲ್ಲ ಎಂದ. ಯಂತ್ರ ಅವನಿಂದ ಕಲಿತದ್ದು ನಡುಕವನ್ನಷ್ಟೇ. ಅವನು ಮರುದಿನ ಫೋನು ಮಾಡಿದನೇ, ತಂಗಿ ಏನೆಂದಳು, ಎಷ್ಟು ವರ್ಷ ಬದುಕಿದ, ಇದಾವುದೂ ತಕ್ಕಡಿಗೆ ಬೇಡವಾಗಿತ್ತು. ಏಳಲು ಕೈಚಾಚಿದವನ ದನಿಯನ್ನು ಬೀಳುವವನ ದನಿಯೆಂದು ಬರೆದಿಟ್ಟುಕೊಂಡಿತು. ಅದೇ ತಪ್ಪನ್ನು ಇಡೀ ನಾಡಿನ ಮೇಲೆ ಹೇರಿತು.

ಈ ದನಿಗಳನ್ನು ಯಾರನ್ನು ಕೇಳಿ ತಂದಿರಿ ಎಂದು ಕೇಳಿದೆ. ಅಧಿಕಾರಿ ನಿಯಮ ಓದಿದ: ಒಪ್ಪಿಗೆಯಿಲ್ಲದ ದನಿಯನ್ನು ತೂಕದ ಕಲ್ಲಾಗಿ ಬಳಸುವಂತಿಲ್ಲ, ಆದರೆ ಮಂಡಳಿ ಆಗಸ್ಟ್ ತಿಂಗಳಿಡೀ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತ್ತು, ಯಾವ ನಾಗರಿಕ ಬೇಕಾದರೂ ಆಕ್ಷೇಪಿಸಬಹುದಿತ್ತು, ಒಂದೇ ಒಂದು ಆಕ್ಷೇಪಣೆ ಬಂದಿದ್ದರೂ ದನಿಗಳನ್ನು ಅಳಿಸಬೇಕಾಗಿತ್ತು, ಬರಲಿಲ್ಲ. "ಅವರಾಗೇ ಕೊಟ್ಟಂಗಾತಲ್ರೀ," ಎಂದ.

ನಾನು ವಾಚನಾಲಯಕ್ಕೆ ಹೋಗಿ ಆ ತಿಂಗಳ ಪತ್ರಿಕೆಗಳನ್ನು ತೆಗೆದು ನೋಡಿದೆ. ಪ್ರಕಟಣೆ ಇತ್ತು. ಅದರ ಕೊನೆಯ ಸಾಲು: ಆಕ್ಷೇಪಣೆ ಸಲ್ಲಿಸುವವರು ತಮ್ಮ ಪೂರ್ಣ ಹೆಸರು, ವಿಳಾಸ ಹಾಗೂ ಉದ್ಯೋಗವನ್ನು ತಿಳಿಸತಕ್ಕದ್ದು; ಅವನ್ನು ಪ್ರಕಟಿಸಲಾಗುವುದು. ನಿಮಗೆ ಅರ್ಥವಾಯಿತಲ್ಲ? ಹೆಸರು ಕೇಳದ ಕಟ್ಟೆಯಲ್ಲಿ ಕೂತವರು ಅವರು. ತಮ್ಮ ದನಿಯನ್ನು ಕೊಡಬೇಡಿ ಎನ್ನಲು ಅವರು ತಾವು ಕುಡುಕರೆಂದು ಊರಿಗೆಲ್ಲ ಹೆಸರು ಸಮೇತ ಸಾರಬೇಕಿತ್ತು. ಮಗಳ ಮದುವೆ ಮುರಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ಅಷ್ಟೇ ಅಲ್ಲ, ಒಬ್ಬ ಹೆಸರು ಹೇಳಿದರೆ ಪಕ್ಕದಲ್ಲಿ ಕೂತವನ ಗುಟ್ಟೂ ರಟ್ಟಾದೀತೆಂದು ಒಬ್ಬರಿಗಾಗಿ ಒಬ್ಬರು ಬಾಯಿ ಬಿಗಿಹಿಡಿದರು. ಅವರನ್ನು ಬದುಕಿಸಿದ ಕಟ್ಟಳೆಯೇ ಅವರನ್ನು ಕಟ್ಟಿಹಾಕಿತು. ಆ ಮೌನವನ್ನು ಮಂಡಳಿ ಒಪ್ಪಿಗೆ ಎಂದು ಬರೆದುಕೊಂಡಿತು.

ಅವರು ಸುಮ್ಮನಿದ್ದುದು ನನಗೆ ಅರ್ಥವಾಗುತ್ತದೆ. ನಿಮ್ಮದು ಅರ್ಥವಾಗುವುದಿಲ್ಲ. ಯಾವ ನಾಗರಿಕ ಬೇಕಾದರೂ ಎಂದಿತ್ತು. ನಿಮಗೆ ಚಟವಿರಲಿಲ್ಲ, ಮಾನ ಕಳೆದುಕೊಳ್ಳುವ ಭಯವಿರಲಿಲ್ಲ. ಅದೇ ಪುಟದಲ್ಲಿ ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಹೆಸರು, ಊರು, ಉದ್ಯೋಗ ಸಮೇತ ನೀವು ಬರೆದ ಪತ್ರಗಳು ಎಷ್ಟೊಂದಿವೆ! ರಸ್ತೆಯ ಗುಂಡಿಗೆ ಬರೆದಿದ್ದೀರಿ, ಬಸ್ಸಿನ ವೇಳೆಗೆ ಬರೆದಿದ್ದೀರಿ. ಆ ಪ್ರಕಟಣೆಯನ್ನು ನೀವು ಓದಿರಲೇಬೇಕು. ಕುಡುಕರ ಪಾಡು ನಮಗೇಕೆ ಎಂದುಕೊಂಡಿರೋ, ಒಳ್ಳೆಯ ಕೆಲಸಕ್ಕೇ ಇರಬೇಕು ಎಂದುಕೊಂಡಿರೋ ನಾನು ಅರಿಯೆ. ತಕ್ಕಡಿಯನ್ನು ಮೊದಲು ಕುಡುಕರಿಗಷ್ಟೇ ಹಿಡಿದರು. ಆಮೇಲೆ ಕೆಲಸ ಕೇಳುವವರಿಗೆ, ಆಮೇಲೆ ತಾಯಂದಿರಿಗೆ, ಈಗ ಏಳು ವರ್ಷದ ಕೂಸಿಗೆ.

ಚಿಗರಿ ಎರಡು ವಾರದಿಂದ ಜಿಗಿಯುತ್ತಿಲ್ಲ. ಮೂಲೆಯಲ್ಲಿ ಕೂತು ಸಪಾಟು ಮಾತು ಅಭ್ಯಾಸ ಮಾಡುತ್ತಾಳೆ. ನೀರು ಕೊಡು ಎನ್ನುವುದನ್ನೂ ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಕೇಳುತ್ತಾಳೆ. ಹೊರಗೆ ಗಾಡಿ ನಿಂತ ಸದ್ದಾದರೆ ಅವಳ ಮೈಯೆಲ್ಲ ಗಟ್ಟಿಯಾಗುತ್ತದೆ, ಮುಖದಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಅವಳನ್ನು ಒಯ್ದರೆ ನನ್ನ ತಂಗಿ ಹನಿಗೆ ಮರಳುತ್ತಾಳೆ, ಇದು ನನಗೂ ಗೊತ್ತು, ಅವಳಿಗೂ ಗೊತ್ತು. ಆಗ ತಕ್ಕಡಿ, ನೋಡಿ, ನಾನು ಹೇಳಿದ್ದೇ ಸರಿಯಾಯಿತು ಎನ್ನುತ್ತದೆ.

ನೀವು ಇದನ್ನು ಓದುವ ಹೊತ್ತಿಗೆ ಆ ಆಗಸ್ಟ್ ಇನ್ನೂ ಬಂದಿರಲಿಕ್ಕಿಲ್ಲ. ಬಂದೇ ಬರುತ್ತದೆ. ಪ್ರಕಟಣೆ ಸಣ್ಣ ಅಕ್ಷರದಲ್ಲಿರುತ್ತದೆ, ಭಾಷೆ ಬಹಳ ಕರುಣೆಯದಾಗಿರುತ್ತದೆ, ಜನರ ಹಿತ ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ಆ ತಿಂಗಳ ಪತ್ರಿಕೆಗಳನ್ನು ನಾನು ಮೇಜಿನ ಮೇಲೆ ಹರಡಿಕೊಂಡೇ ಕೂತಿದ್ದೇನೆ. ಸಾಲು ಸಾಲೂ ನೋಡಿದ್ದೇನೆ, ಆಕ್ಷೇಪಿಸಿದವರ ಒಂದು ಹೆಸರೂ ಇಲ್ಲ. ನೀವು ಬರೆದರೆ ಈ ಪುಟದಲ್ಲಿ ಅದು ಮೂಡುತ್ತದೆಯೋ ಇಲ್ಲವೋ ಹೇಳುವವರು ಯಾರೂ ಇಲ್ಲ. ದಿನವೂ ಬೆಳಿಗ್ಗೆ ಮತ್ತೆ ಮೊದಲಿನಿಂದ ನೋಡುತ್ತೇನೆ.

ನನಗೆ ನಿಮ್ಮ ಪಶ್ಚಾತ್ತಾಪ ಬೇಡ, ಗುಟ್ಟಾಗಿ ಕಳಿಸುವ ಸಮಾಧಾನದ ಮಾತೂ ಬೇಡ. ಮಾತಾಡಲಾರದವರ ಪರವಾಗಿ ನೀವು ಆಕ್ಷೇಪಿಸುತ್ತೀರೋ ಇಲ್ಲವೋ? ಇಲ್ಲವೆಂದರೆ ಯಾಕಿಲ್ಲ? ಪತ್ರಿಕೆಯಲ್ಲಿ, ಗ್ರಾಮಸಭೆಯಲ್ಲಿ, ನಗರಸಭೆಯ ನಡಾವಳಿಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ, ನಿಮ್ಮ ಪೂರ್ಣ ಹೆಸರು, ವಿಳಾಸ, ಉದ್ಯೋಗ ಬರೆದು, ಉತ್ತರ ಕೊಡಿ.